ಮಧುಮೇಹವೂ ಮನೆಯ ಪಥ್ಯವೂ

ಕಲಬುರಗಿಗೆ ಸಮೀಪದ ನಂದೂರಿನಲ್ಲಿ, ದೀಪ ಹಚ್ಚುವ ಹೊತ್ತಿಗೆ, ಯಾವುದಾದರೊಂದು ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಹಂಚು ಕಾದಿದೆ, ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಯವರೆಗೂ ಕೇಳಿಬರುತ್ತಿದೆ. ಮನೆಯ ಹಿರಿಯರಿಗೆ ಮಧುಮೇಹವಿದೆಯೆಂದು ವೈದ್ಯರು ಹೇಳಿ ಒಂದು ತಿಂಗಳಾಗಿದೆ. ಅವರಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಪಲ್ಯ, ಎಣಿಸಿಟ್ಟ ಎರಡು ರೊಟ್ಟಿ. ಉಳಿದವರ ತಾಟಿನಲ್ಲಿ ಅನ್ನದ ರಾಶಿ, ಕರಿದ ಭಜಿ, ಹಬ್ಬದಿಂದುಳಿದ ಹೋಳಿಗೆ. ಮೊದಲನೆಯ ವಾರ ಅವರು ಸುಮ್ಮನೆ ಉಂಡರು. ಎರಡನೆಯ ವಾರ ಮುನಿದರು. ಮೂರನೆಯ ವಾರ ಯಾರೂ ಕಾಣದಾಗ ಡಬ್ಬಿಯ ಮುಚ್ಚಳ ತೆಗೆದರು. “ಇವರಿಂದ ಪಥ್ಯ ಆಗದು” ಎಂದು ಮನೆಯವರು ಕೈಬಿಟ್ಟರು. ಇಂಥ ಮನೆಗಳು ಒಂದೆರಡಲ್ಲ. ತಪ್ಪು ಆ ಹಿರಿಯರೊಬ್ಬರದೇ ಎಂದು ನಮಗೆ ತೋರುವುದಿಲ್ಲ. ಒಬ್ಬರ ತಾಟಿಗೆ ಮಾತ್ರ ಪಥ್ಯ ಬಡಿಸಿದರೆ ಅದು ಶಿಕ್ಷೆಯಾಗುತ್ತದೆ; ಮನೆಯವರೆಲ್ಲರೂ ಅದನ್ನೇ ಉಂಡರೆ ಪದ್ಧತಿಯಾಗುತ್ತದೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಮಧುಮೇಹವು ನಮ್ಮ ದೇಶಕ್ಕೆ ಹೊಸದಾಗಿ ಬಂದ ರೋಗವಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಹುಟ್ಟಿನಿಂದ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು. ಬಡ ರೋಗಿಯು ಊರಿಂದೂರಿಗೆ ನೂರು ಯೋಜನ ನಡೆಯಲೆಂದು ಆ ಗ್ರಂಥ ವಿಧಿಸಿದೆ. ಇಂದಿನ ವೈದ್ಯಶಾಸ್ತ್ರವೂ ಎರಡು ಮುಖ್ಯ ಬಗೆಗಳನ್ನು ಹೇಳುತ್ತದೆ. ಮೊದಲನೆಯದರಲ್ಲಿ ಮೇದೋಜೀರಕಾಂಗವು ಇನ್ಸುಲಿನ್ ಎಂಬ ರಸವನ್ನು ತಯಾರಿಸುವುದೇ ನಿಲ್ಲುತ್ತದೆ. ಇದು ಬಹುಮಟ್ಟಿಗೆ ಎಳೆಯರಲ್ಲಿ ಕಾಣಿಸಿಕೊಳ್ಳುವುದು. ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಕಂಡುಹಿಡಿಯುವವರೆಗೆ ಇಂಥ ಮಕ್ಕಳು ಉಳಿಯುತ್ತಿರಲಿಲ್ಲ. ಇವರಿಗೆ ಪಥ್ಯ ಎಷ್ಟೇ ಇದ್ದರೂ ಚುಚ್ಚುಮದ್ದು ಬೇಕೇ ಬೇಕು. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತನ್ನು ಕೇಳದು. ಕಾಲಕ್ರಮದಲ್ಲಿ ಅದರ ಪ್ರಮಾಣವೂ ಕುಗ್ಗುತ್ತದೆ. ನಮ್ಮಲ್ಲಿ ಬಹುಪಾಲು ಜನರನ್ನು ಕಾಡುತ್ತಿರುವುದು ಈ ಎರಡನೆಯದು. ಆಹಾರ ಮತ್ತು ವ್ಯಾಯಾಮಗಳ ಮಾತು ಹೆಚ್ಚಾಗಿ ಸಲ್ಲುವುದೂ ಇದಕ್ಕೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ; ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಹಿಂದೆ ಇದನ್ನು ಪಟ್ಟಣದ ಶ್ರೀಮಂತರ ರೋಗವೆನ್ನುತ್ತಿದ್ದರು. ಈಗ ಹಾಗೆನ್ನುವಂತಿಲ್ಲ. ನಂದೂರನ್ನೇ ನೋಡಿರಿ. ಹೊಲಕ್ಕೆ ನಡೆದು ಹೋಗಿ, ದಿನವೆಲ್ಲ ಬಗ್ಗಿ ದುಡಿದು, ಮತ್ತೆ ನಡೆದು ಮನೆ ಸೇರುತ್ತಿದ್ದ ಒಕ್ಕಲುತನದ ಸೀಮೆ ಇದು. ಇಂದು ನಂದೂರ-ಕೆಸರಟಗಿಯ ಬಳಿ ಕೈಗಾರಿಕಾ ಪ್ರದೇಶವೆದ್ದಿದೆ. ಪಾಳಿಯ ಕೆಲಸ, ಯಂತ್ರದ ಮುಂದೆ ನಿಲುವು, ಬೈಕಿನ ಸವಾರಿ, ನಡುನಡುವೆ ಸಕ್ಕರೆ ಸುರಿದ ಚಹಾ ಬಂದಿವೆ. ದುಡಿಮೆಯ ರೀತಿ ಬದಲಾಯಿತು. ಉಣ್ಣುವ ಅಳತೆ ಮಾತ್ರ ನೇಗಿಲು ಹಿಡಿದ ಅಜ್ಜನದೇ ಉಳಿಯಿತು. ತೊಂದರೆಯ ಬೇರು ಬಹುಮಟ್ಟಿಗೆ ಇಲ್ಲಿದೆ.

ಈಗ ಊಟದ ವಿಚಾರಕ್ಕೆ ಬರೋಣ. “ಜೋಳದ ರೊಟ್ಟಿಯಲ್ಲಿ ಸಕ್ಕರೆಯಿಲ್ಲ, ಎಷ್ಟಾದರೂ ತಿನ್ನಬಹುದು” ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಇದು ಅರ್ಧ ಸತ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ 100 ಗ್ರಾಂ ಅಕ್ಕಿಯಲ್ಲಿ ಪಿಷ್ಟಾದಿಗಳು ಸುಮಾರು 78 ಗ್ರಾಂ, ಜೋಳದಲ್ಲಿ ಸುಮಾರು 68 ಗ್ರಾಂ. ಅಂತರ ಹತ್ತೇ ಗ್ರಾಮಿನದು. ಜೋಳದ ಹಿರಿಮೆ ಇರುವುದು ನಾರಿನಲ್ಲಿ. ಅಕ್ಕಿಯಲ್ಲಿ ನಾರು 3 ಗ್ರಾಮಿಗೆ ಒಳಗಿದ್ದರೆ ಜೋಳದಲ್ಲಿ 10 ಗ್ರಾಂ ಇದೆ. ನಾರು ಜೀರ್ಣವನ್ನು ನಿಧಾನಗೊಳಿಸಿ, ಸಕ್ಕರೆಯು ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ. ಹೊಟ್ಟೆಯೂ ಬೇಗ ತುಂಬಿದಂತಾಗುತ್ತದೆ. ಆದುದರಿಂದ ಅನ್ನಕ್ಕಿಂತ ರೊಟ್ಟಿ ಮೇಲು. ಆದರೆ 45 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಿಂದ ಸುಮಾರು 30 ಗ್ರಾಂ ಪಿಷ್ಟ ದೇಹಕ್ಕೆ ಸೇರುವುದೆಂಬುದನ್ನು ಮರೆಯಲಾಗದು. ನಾಲ್ಕು ರೊಟ್ಟಿ ಉಂಡು ಮೇಲೆ ಅನ್ನವನ್ನೂ ಕಲಸಿದರೆ ಜೋಳದ ಗುಣವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ತೆಳ್ಳಗಿನ ಕಟಕ ರೊಟ್ಟಿಯೂ ಲೆಕ್ಕಕ್ಕೆ ಸೇರತಕ್ಕದ್ದೇ.

ತೂಗುವ ತಕ್ಕಡಿ ಎಲ್ಲ ಮನೆಗಳಲ್ಲಿ ಇರುವುದಿಲ್ಲ. ತಾಟಂತೂ ಇದ್ದೇ ಇದೆ. ಆ ತಾಟನ್ನೇ ಅಳತೆ ಮಾಡಿಕೊಳ್ಳಬಹುದು. ಅರ್ಧ ಭಾಗ ಪಲ್ಯ ಮತ್ತು ಹಸಿ ತರಕಾರಿ, ಕಾಲು ಭಾಗ ಬೇಳೆಕಾಳು, ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ. ಇದಕ್ಕೆ ಬೇಕಾದದ್ದೆಲ್ಲ ಕಲಬುರಗಿಯ ಸಂತೆಯಲ್ಲೇ ಇದೆ. ಪುಂಡಿಪಲ್ಯ, ಮೆಂತ್ಯಪಲ್ಯ, ರಾಜಗಿರಿ, ಸಬ್ಬಸಗಿ, ಎಳೆಯ ಬದನೆ, ಹೀರೆ. ಹಸಿಯಾಗಿ ತಿನ್ನಲು ಸೌತೆ, ಮೂಲಂಗಿ, ಉಳ್ಳಾಗಡ್ಡಿ. ಬೇಳೆಯ ಮಾತಂತೂ ಹೇಳಬೇಕಾಗಿಲ್ಲ. ಈ ಜಿಲ್ಲೆಯು ತೊಗರಿಯ ಕಣಜವೆಂದು ಹೆಸರಾದದ್ದು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. 100 ಗ್ರಾಂ ಬೇಳೆಯಲ್ಲಿ 20 ಗ್ರಾಮಿಗೂ ಹೆಚ್ಚು ಸಸಾರಜನಕವಿದೆ. ಇಂಥ ಸೀಮೆಯಲ್ಲಿದ್ದೂ ಬೇಳೆಯನ್ನು ನೀರಾಗಿಸಿ ಅನ್ನದ ಮೇಲೆ ಹೊಯ್ದುಕೊಳ್ಳುವುದಕ್ಕಿಂತ, ಗಟ್ಟಿಪಪ್ಪಾಗಿಯೋ ಮೊಳಕೆಯ ಹೆಸರು ಮಡಕಿಗಳ ಜೊತೆಗೋ ರೊಟ್ಟಿಯೊಡನೆ ಉಣ್ಣುವುದು ಒಳ್ಳೆಯದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳು ಒಂದೆರಡು ಚಮಚೆಯಷ್ಟು ಇರಲಿ. ಎಣ್ಣೆಯ ಅಂಶವೂ ಉಪ್ಪೂ ಅವುಗಳಲ್ಲಿ ಹೆಚ್ಚು.

ಹಣ್ಣನ್ನು ಪೂರ್ತಿ ಬಿಡಬೇಕೆಂದು ಯಾರೂ ಹೆದರಬೇಕಾಗಿಲ್ಲ. ಹುಮನಾಬಾದ ದಾರಿಯ ಕಮಲಾಪುರದ ಕೆಂಪು ಬಾಳೆ ನಮ್ಮ ಜಿಲ್ಲೆಯ ಹೆಮ್ಮೆ. ಸಿಹಿಯಾದ ದೊಡ್ಡ ಹಣ್ಣು ಅದು. ಅರ್ಧ ಹಣ್ಣನ್ನು ತಿಂದು, ಆ ಹೊತ್ತಿನ ರೊಟ್ಟಿಯನ್ನು ಅಷ್ಟಕ್ಕೆ ತಕ್ಕಂತೆ ಕಡಿಮೆ ಮಾಡಿದರೆ ಸಾಕು. ಊಟವಾದ ಮೇಲೆ ಪ್ರತ್ಯೇಕವಾಗಿ ಎರಡು ಹಣ್ಣು ನುಂಗುವುದು ಮಾತ್ರ ಸಲ್ಲದು. ಬೆಲ್ಲವು ಸಕ್ಕರೆಗಿಂತ ನಿರುಪದ್ರವಿ ಎಂಬ ಮಾತನ್ನೂ ಬಿಡಬೇಕು. ರಕ್ತದೊಳಗೆ ಹೋದಮೇಲೆ ಎರಡರ ಕೆಲಸವೂ ಒಂದೇ. ದಿನಕ್ಕೆ ಐದು ಸಲ ಎರಡೆರಡು ಚಮಚೆ ಸಕ್ಕರೆಯ ಚಹಾ ಕುಡಿಯುವವರು ಸುಮಾರು 40 ಗ್ರಾಂ ಸಕ್ಕರೆಯನ್ನು ಊಟವೆಂದು ಎಣಿಸದೆಯೇ ಸೇವಿಸುತ್ತಾರೆ. ಪಥ್ಯವನ್ನು ಮೊದಲು ಮಾಡತಕ್ಕ ಸ್ಥಳ ಈ ಚಹಾದ ಕಪ್ಪೇ. ಇನ್ನು ಹಬ್ಬ. ಹೋಳಿಗೆ, ಮಾದಲಿ, ಉಂಡಿಗಳಿಲ್ಲದೆ ನಮ್ಮಲ್ಲಿ ಹಬ್ಬವಿಲ್ಲ. ಹಬ್ಬದ ದಿನ ಅರ್ಧ ಹೋಳಿಗೆ ತಿಂದವರಿಗಿಂತ, ಹಬ್ಬ ಮುಗಿದಮೇಲೂ ಎಂಟು ದಿನ ಡಬ್ಬಿ ತುಂಬಿಟ್ಟುಕೊಂಡವರಿಗೇ ಹೆಚ್ಚಿನ ಅಪಾಯ.

ಊಟದಷ್ಟೇ ಮುಖ್ಯವಾದದ್ದು ನಡಿಗೆ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಸೆಳೆದುಕೊಂಡು ಉರಿಸಬಲ್ಲದು. ಆಮೇಲೆಯೂ ಹಲವು ಗಂಟೆಗಳ ಕಾಲ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ವಾರದಲ್ಲಿ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆಯಂತೆ, ಮಾತನಾಡಲು ಆಗುವಷ್ಟು, ಹಾಡಲು ಆಗದಷ್ಟು ಬಿರುಸಾಗಿ ನಡೆಯಬೇಕೆಂದು ವೈದ್ಯರು ಹೇಳುತ್ತಾರೆ. ಒಮ್ಮೆಗೇ ಅರ್ಧ ಗಂಟೆ ಸಿಗದವರು ಮೂರೂ ಊಟಗಳ ನಂತರ ಹತ್ತು ಹತ್ತು ನಿಮಿಷ ನಡೆದರೂ ಆದೀತು. ಊಟದ ನಂತರದ ನಡಿಗೆಯಿಂದ ಆಗ ಏರುವ ಸಕ್ಕರೆ ತಗ್ಗುವುದು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಹಗಲು ನಡೆಯುವುದು ಸಾಹಸವಾದೀತು. ಸೂರ್ಯೋದಯಕ್ಕೆ ಮುಂಚೆ ಹೊಲದ ದಾರಿಯಲ್ಲಾಗಲಿ, ನಗರದವರು ಶರಣಬಸವೇಶ್ವರರ ಗುಡಿಯ ಬಳಿಯ ಕೆರೆಯ ದಂಡೆಯಲ್ಲಾಗಲಿ ನಡೆಯಬಹುದು.

ಇದರಿಂದ ಫಲವುಂಟೇ ಎಂದು ಸಂದೇಹಪಡುವವರಿಗೆ ಎರಡು ಪ್ರಮಾಣಗಳನ್ನು ಹೇಳುತ್ತೇವೆ. ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರ ಮತ್ತು ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ರೋಗ ಬರುವ ಸಂಭವ ಶೇಕಡ 58ರಷ್ಟು ತಗ್ಗಿತು. ಅಮೆರಿಕದ ಮಾತು ನಮಗೆ ಸಲ್ಲುವುದೇ ಎನ್ನುವವರು ಚೆನ್ನೈಯನ್ನು ನೋಡಬಹುದು. ಅಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಶೇಕಡ 28ರಷ್ಟು ಇಳಿಮುಖ ಕಂಡಿತು. ಅದು ಗುಳಿಗೆಯಿಂದಾದ ಫಲಕ್ಕೆ ಕಡಿಮೆಯದೇನೂ ಆಗಿರಲಿಲ್ಲ.

ಹಾಗೆಂದು ಗುಳಿಗೆಯನ್ನು ಎಸೆಯಿರೆಂದು ನಾವು ಹೇಳುತ್ತಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಎರಡು ತಿಂಗಳು ನಡೆದು, ಹಾಗಲಕಾಯಿಯ ರಸವನ್ನೋ ಮೆಂತ್ಯದ ನೀರನ್ನೋ ಕುಡಿದು, “ಗುಣವಾಯಿತು” ಎಂದು ಔಷಧವನ್ನು ತಾವಾಗಿಯೇ ನಿಲ್ಲಿಸುವವರುಂಟು. ಈ ರೋಗವು ನೋವನ್ನು ಕೊಡದೆ ಒಳಗೇ ಕಣ್ಣು, ಮೂತ್ರಪಿಂಡ, ಹೃದಯ, ನರಗಳನ್ನು ಕೆಡಿಸುವ ಗುಣವುಳ್ಳದ್ದು. ಗುಳಿಗೆಯನ್ನು ಇಳಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು. ಬರಿಯ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಇದ್ದರೆ ಮಧುಮೇಹವೆಂದು ನಿರ್ಧರಿಸುತ್ತಾರೆ. ಮೂವತ್ತು ದಾಟಿದವರಿಗೆ ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆಯನ್ನು ಮಾಡುತ್ತಾರೆ. ಬಾಯಾರಿಕೆ, ಪದೇ ಪದೇ ಮೂತ್ರ, ಬಳಲಿಕೆ ಕಾಣುವವರೆಗೆ ಕಾಯಬೇಕಾಗಿಲ್ಲ.

ಸಕ್ಕರೆ ಇಳಿಯುವುದೂ ಅಪಾಯವೇ. ಇನ್ಸುಲಿನ್ನನ್ನೋ ಕೆಲವು ಬಗೆಯ ಗುಳಿಗೆಗಳನ್ನೋ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಉಣ್ಣದವರಿಗೆ, ಮುಖ್ಯವಾಗಿ ರಾತ್ರಿಪಾಳಿಯ ಕೆಲಸಗಾರರಿಗೂ ಉಪವಾಸ ಮಾಡುವವರಿಗೂ, ಬೆವರು, ನಡುಕ, ಎದೆಬಡಿತ, ಕಣ್ಣುಕತ್ತಲೆ ಬರಬಹುದು. ಒಡನೆಯೇ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಶ್ರಾವಣದ ಸೋಮವಾರವಿರಲಿ, ರಂಜಾನಿನ ರೋಜಾ ಇರಲಿ, ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳುವುದರಿಂದ ಭಕ್ತಿಗೆ ಕುಂದಿಲ್ಲ.

ಪಾದಗಳ ಬಗ್ಗೆಯೂ ಒಂದು ಮಾತು. ಸುಶ್ರುತಸಂಹಿತೆಯು ಹೇಳಿದ ನಡಿಗೆ ಕೆರವಿಲ್ಲದ ನಡಿಗೆ. ಈ ಒಂದು ಅಂಶವನ್ನು ಇಂದು ತಿದ್ದಿಕೊಳ್ಳಬೇಕು. ಮಧುಮೇಹದಿಂದ ಕಾಲಿನ ನರಗಳು ಮರಗಟ್ಟಿದರೆ ಮುಳ್ಳು ಚುಚ್ಚಿದರೂ, ಕಾದ ನೆಲ ಬೊಬ್ಬೆಯೆಬ್ಬಿಸಿದರೂ ಅರಿವಾಗದು. ಸಣ್ಣ ಗಾಯ ಕೊಳೆತು ಕಾಲನ್ನೇ ಕಳೆದುಕೊಂಡವರುಂಟು. ಹೊಲಕ್ಕಾಗಲಿ, ಜಾತ್ರೆಗಾಗಲಿ, ಗಾಣಗಾಪುರದ ದತ್ತನ ಸನ್ನಿಧಿಗಾಗಲಿ ನಡೆಯುವಾಗ ಮೆತ್ತನೆಯ ಕೆರ ಕಾಲಲ್ಲಿರಲಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿಗೆ ಹಿಡಿದು ನೋಡುವ ರೂಢಿಯಿರಲಿ.

ಕೊನೆಯದಾಗಿ ನಮ್ಮ ಸೋದರಿಯರ ವಿಷಯ. ಗಂಡಸಿಗೆ ಮಧುಮೇಹವಾದರೆ ಮನೆಯಾಕೆ ಪಥ್ಯ ಮಾಡಿ ಹಾಕುತ್ತಾಳೆ. ಆಕೆಗೇ ಆದರೆ? ಎಲ್ಲರಿಗೂ ಬಡಿಸಿ, ಪಲ್ಯ ತೀರಿದಮೇಲೆ, ಉಳಿದ ಅನ್ನವನ್ನು ಚೆಲ್ಲಲಾರದೆ ತಾನೇ ಉಂಡು, ರಾತ್ರಿ ಹತ್ತಕ್ಕೆ ಮುಸುರೆ ತಿಕ್ಕುತ್ತಾಳೆ. ಆಕೆಗೆ ಪಥ್ಯ ಮಾಡುವವರು ಯಾರು, ನಡೆಯಲು ಬಿಡುವು ಕೊಡುವವರು ಯಾರು? ಮನೆಯೆಲ್ಲಕ್ಕೂ ಒಂದೇ ಪಥ್ಯವಾಗಬೇಕೆಂದು ನಾವು ಹೇಳುವುದರ ನಿಜವಾದ ಕಾರಣ ಇದು. ಒಂದೇ ಬೋಗುಣಿಯ ಪಲ್ಯ ಎಲ್ಲರ ತಾಟಿಗೂ ಅರ್ಧ ಬಂದರೆ ಆಕೆಯ ತಾಟಿಗೂ ಬರುತ್ತದೆ. ಊಟವಾದ ಮೇಲೆ ಮನೆಮಂದಿಯೆಲ್ಲ ಊರ ಹೊರಗಿನವರೆಗೆ ನಡೆದು ಬರುವ ರೂಢಿಯಾದರೆ ಆಕೆಯೂ ನಡೆಯುತ್ತಾಳೆ. ತಾಯಿತಂದೆಯರಿಗೆ ಈ ರೋಗವಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆದುದರಿಂದ ಮಕ್ಕಳಿಗೂ ಇದರಿಂದ ಹಿತವೇ ಆಗುವುದು.

ನಂದೂರಿನ ಆ ಮನೆಗೆ ಮತ್ತೆ ಬರೋಣ. ಬೇರೆ ಪಾತ್ರೆಯನ್ನು ಎತ್ತಿಡಲಿ. ಪುಂಡಿಪಲ್ಯ, ಗಟ್ಟಿಬೇಳೆ, ಎರಡು ರೊಟ್ಟಿ, ಒಂದು ಹೋಳು ಸೌತೆ ಎಲ್ಲರಿಗೂ ಸಮನಾಗಿ ಬೀಳಲಿ. ಹಿರಿಯರು ಮುನಿಯಲು ಕಾರಣವಿರದು. ಡಬ್ಬಿಯಲ್ಲಿ ಕದಿಯಲು ಏನೂ ಉಳಿದಿರದು. ಉಂಡೆದ್ದು ಕೆರ ಮೆಟ್ಟಿಕೊಂಡು, ಮೊಮ್ಮಗನ ಕೈಹಿಡಿದು ಅವರು ಹೊರಡಲಿ. ಹಿಂದೆಯೇ ಮನೆಯಾಕೆಯೂ ಸೆರಗಿಗೆ ಕೈಯೊರಸಿಕೊಂಡು ಹೊರಡಲಿ. ಮುಸುರೆ ಅರ್ಧ ಗಂಟೆ ಕಾದರೆ ಕೆಡುವುದೇನೂ ಇಲ್ಲ.