ಗೋಡೆ ಮೇಲಿನ ಆ ಸರ್ಟಿಫಿಕೇಟ್ ಏನು ಮಾಡುತ್ತೆ?

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸುತ್ತು ಹಾಕಿದರೆ ಎಷ್ಟೋ ಶೆಡ್ಡುಗಳ ಗೇಟಿನ ಮೇಲೆ ‘ಐಎಸ್‌ಒ 9001:2015 ಪ್ರಮಾಣಿತ ಸಂಸ್ಥೆ’ ಅನ್ನೋ ಬೋರ್ಡ್ ಕಾಣುತ್ತದೆ. ಅದೆಲ್ಲ ಶೋಕಿಗೆ ಹಾಕಿದ್ದು ಅಂತಲೇ ನಾವು ಅಂದುಕೊಂಡಿದ್ದೆವು. ಇಂಟರ್ನ್‌ಶಿಪ್‌ಗೆ ನಾಲ್ಕು ಜನ ಗೆಳೆಯರು ಅಲ್ಲಿನ ಒಂದು ಸಣ್ಣ ಮಷೀನ್ ಶಾಪ್‌ಗೆ ಹೋದ ಮೇಲೆ ಆ ಅಭಿಪ್ರಾಯ ಬದಲಾಯಿತು.

ಅಲ್ಲಿ ಡ್ರಾಯಿಂಗ್ ಓದುವವರೂ ಮಾಲೀಕರೇ, ಅಳತೆ ಪರೀಕ್ಷಿಸುವವರೂ ಅವರೇ. ಐದಾರು ಜನ ಇದ್ದಾಗ ಇದು ಚೆನ್ನಾಗೇ ನಡೆದಿತ್ತು. ಆರ್ಡರ್ ಹೆಚ್ಚಾಗಿ ಎರಡನೇ ಶಿಫ್ಟ್ ಶುರುವಾದಾಗ ತೊಂದರೆ ಕಾಣಿಸಿಕೊಂಡಿತು. ಅವರು ಊರಹಬ್ಬಕ್ಕೆ ಹೋಗಿದ್ದ ವಾರ 300 ಬುಷ್ ತಯಾರಾಗಿ ಗಿರಾಕಿಗೆ ಹೋದವು. ಅಷ್ಟೂ ವಾಪಸ್ ಬಂದವು! ಗಿರಾಕಿ ಒಳವ್ಯಾಸ ಕಡಿಮೆ ಮಾಡಿ ಹೊಸ ಡ್ರಾಯಿಂಗ್ ಕಳಿಸಿದ್ದರು. ಅದು ಮಾಲೀಕರ ಫೋನಿನಲ್ಲೇ ಉಳಿದಿತ್ತು, ಲೇತ್ ಪಕ್ಕ ಅಂಟಿಸಿದ್ದು ಹಳೆಯದು. ಕೊರೆದ ತೂತನ್ನು ಮತ್ತೆ ಚಿಕ್ಕದು ಮಾಡೋಕಾಗುತ್ತಾ? ಎಲ್ಲಾ ಸ್ಕ್ರ್ಯಾಪ್. ಲೇತ್ ನಡೆಸಿದ ಅಣ್ಣ ಬೈಸಿಕೊಂಡರು, ಆದರೆ ಅವರ ಕೈಯಲ್ಲಿದ್ದ ಡ್ರಾಯಿಂಗ್ ಪ್ರಕಾರ ಒಂದು ಪೀಸೂ ತಪ್ಪಿರಲಿಲ್ಲ.

ಐಎಸ್‌ಒ 9001 ಕೈ ಹಾಕೋದು ಇಂಥ ಕಡೆಗೇ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದನ್ನು ಮೊದಲು ಪ್ರಕಟಿಸಿದ್ದು 1987ರಲ್ಲಿ. ಬೋರ್ಡಿನಲ್ಲಿರುವ 2015 ಅಂದರೆ ಆ ವರ್ಷದ ಆವೃತ್ತಿ. ಒಂದು ವಿಷಯ ನೆನಪಿಡಿ: ಇದು ‘ಈ ಬುಷ್ ಒಳ್ಳೆಯದು’ ಎಂದು ಹೇಳುವ ಮುದ್ರೆ ಅಲ್ಲ. ಕೆಲಸ ಒಂದು ಕ್ರಮದಲ್ಲಿ ನಡೆಯುತ್ತಿದೆಯೇ ಎಂದಷ್ಟೇ ನೋಡುತ್ತದೆ. ಸರ್ಟಿಫಿಕೇಟನ್ನು ಐಎಸ್‌ಒ ಸಂಸ್ಥೆಯೇ ಕೊಡುವುದಿಲ್ಲ, ಬೇರೆ ಪ್ರಮಾಣೀಕರಣ ಸಂಸ್ಥೆಗಳು ಆಡಿಟ್ ಮಾಡಿ ಕೊಡುತ್ತವೆ. ಸಾಮಾನ್ಯವಾಗಿ ಅದರ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ತಪಾಸಣೆ ಇರುತ್ತದೆ.

ಬೆಳೆಯುತ್ತಿರುವ ಶಾಪ್‌ಗೆ ಇದರಿಂದ ಏನು ಲಾಭ? ಮೊದಲನೆಯದು, ಮಾಲೀಕರ ತಲೆಯಲ್ಲಿರೋದು ಎಲ್ಲರಿಗೂ ಸಿಗುವಂತಾಗುತ್ತದೆ. ಪ್ರತಿ ಡ್ರಾಯಿಂಗ್‌ಗೂ ರಿವಿಷನ್ ನಂಬರ್ ಇರುತ್ತದೆ, ಹೊಸದು ಬಂದ ದಿನವೇ ಹಳೆಯದನ್ನು ಮಷೀನ್ ಪಕ್ಕದಿಂದ ತೆಗೆಯಬೇಕು. ಎರಡನೆಯದು, ವರ್ನಿಯರ್, ಮೈಕ್ರೋಮೀಟರ್‌ಗಳನ್ನು ಗೊತ್ತಾದ ಅವಧಿಗೆ ಕ್ಯಾಲಿಬ್ರೇಟ್ ಮಾಡಿಸಬೇಕು. ಅಳೆಯುವ ಸಾಧನವೇ ತಪ್ಪು ಹೇಳಿದರೆ ನಾವು ಎಷ್ಟು ಸಲ ಅಳೆದರೇನು?

ಮೂರನೆಯದು ನಮಗೆ ತುಂಬ ಹಿಡಿಸಿತು. ತಪ್ಪಾದಾಗ ‘ಯಾರು ಮಾಡಿದ್ದು?’ ಅನ್ನೋ ಪ್ರಶ್ನೆಗೆ ನಿಲ್ಲದೆ ‘ಯಾಕಾಯ್ತು?’ ಅಂತ ಕೇಳಿ ಕಾರಣ ಬರೆಯಬೇಕು, ಮತ್ತೆ ಆಗದ ಹಾಗೆ ಏನು ಮಾಡಿದಿರಿ ಅನ್ನೋದನ್ನೂ ತೋರಿಸಬೇಕು. ಈ ಪ್ರಶ್ನೆ ಮೊದಲೇ ಕೇಳಿದ್ದರೆ ಆ ಅಣ್ಣ ಬೈಸಿಕೊಳ್ಳುತ್ತಿರಲಿಲ್ಲ.

ಇನ್ನು ಮಾರುಕಟ್ಟೆ. ಎಷ್ಟೋ ದೊಡ್ಡ ಕಂಪನಿಗಳು ವೆಂಡರ್ ಆಗಿ ಸೇರಿಸಿಕೊಳ್ಳುವ ಮೊದಲು ಈ ಸರ್ಟಿಫಿಕೇಟ್ ಕೇಳುತ್ತವೆ. ವಾಹನ ಕ್ಷೇತ್ರದ ಐಎಟಿಎಫ್ 16949, ವಿಮಾನ ಕ್ಷೇತ್ರದ ಎಎಸ್ 9100, ಎರಡಕ್ಕೂ ಬುನಾದಿ 9001 ಮಾನಕವೇ.

ಹಾಗಂತ ಸರ್ಟಿಫಿಕೇಟ್ ಬಂದಾಕ್ಷಣ ಎಲ್ಲ ಸರಿಹೋಗುತ್ತೆ ಅಂತಲ್ಲ. ಫೀಸು, ಸಮಯ ಎರಡೂ ಖರ್ಚಾಗುತ್ತವೆ. ಬೇರೆಯವರ ಫೈಲ್ ಕಾಪಿ ಹೊಡೆದು, ಆಡಿಟ್ ಹಿಂದಿನ ರಾತ್ರಿ ರಿಜಿಸ್ಟರ್ ತುಂಬಿಸುವವರೂ ಇದ್ದಾರೆ. ಸಬ್‌ಮಿಷನ್ ಹಿಂದಿನ ರಾತ್ರಿ ಲ್ಯಾಬ್ ರೆಕಾರ್ಡ್ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ! ಅಂಥ ಕಡೆ ಉಳಿಯೋದು ಗೋಡೆ ಮೇಲಿನ ಫ್ರೇಮ್ ಮಾತ್ರ.

ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೆ ಮತ್ತೆ ಅಲ್ಲಿಗೇ ಹೋದೆವು. ಅಷ್ಟರಲ್ಲಿ ಅವರಿಗೂ ಸರ್ಟಿಫಿಕೇಟ್ ಬಂದಿತ್ತು. “ಏನು ಬದಲಾಯ್ತು ಸಾರ್?” ಅಂತ ಕೇಳಿದೆವು. “ಈ ಸಲ ಹಬ್ಬಕ್ಕೆ ಹೋದಾಗ ಶಾಪ್‌ನಿಂದ ಒಂದು ಫೋನೂ ಬರಲಿಲ್ಲ ಕಣ್ರಪ್ಪಾ” ಅಂದರು.

ಜೂನಿಯರ್‌ಗಳಿಗೆ ಒಂದು ಮಾತು: ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದಾಗ ಸರ್ಟಿಫಿಕೇಟಿನ ಫೋಟೋ ತೆಗೆದು ಸುಮ್ಮನಾಗಬೇಡಿ. ಅನುಮತಿ ಕೇಳಿ, ತಪ್ಪುಗಳನ್ನು ಬರೆದಿಟ್ಟ ರಿಜಿಸ್ಟರ್ ತೆರೆದು ನೋಡಿ. ಅದರಲ್ಲಿ ಒಂದೂ ತಪ್ಪು ಬರೆದಿಲ್ಲ ಅಂದ್ರೆ ಸ್ವಲ್ಪ ಅನುಮಾನಪಡಿ.