ಹಳೆಯ ಮೋಟಾರಿಗೆ ಹೊಸ ಜನ್ಮ
ಮನೆಯ ಗ್ಯಾರೇಜಿನಲ್ಲಿ ಕಟ್ಟುವ ಸ್ಪೋರ್ಟ್ಸ್ ಕಾರು

ಮೋಟಾರು ಕಾರೆಂದರೆ ದೊಡ್ಡ ಕಾರ್ಖಾನೆಯಲ್ಲಿ ಸಾವಿರಾರು ಕೈಗಳು ಸೇರಿ ತಯಾರಿಸತಕ್ಕ ವಸ್ತು; ಹಣವುಳ್ಳವನು ಕೊಳ್ಳತಕ್ಕದ್ದು, ಉಳಿದವರು ದಾರಿಯ ಬದಿಯಲ್ಲಿ ನಿಂತು ನೋಡತಕ್ಕದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಇಂಗ್ಲೆಂಡಿನಲ್ಲಿ ತಿಂಗಳ ಸಂಬಳವನ್ನೇ ನಂಬಿದ ಸಾಮಾನ್ಯ ಜನರು ಗುಜರಿಗೆ ಹೋಗಬೇಕಾಗಿದ್ದ ಒಂದು ಹಳೆಯ ಕಾರನ್ನು ಅಗ್ಗವಾಗಿ ಕೊಂಡು, ಅದರ ಯಂತ್ರಭಾಗಗಳನ್ನು ಬಿಚ್ಚಿ, ಮನೆಯ ಗ್ಯಾರೇಜಿನಲ್ಲೇ ತಾವು ಬೆಸೆದ ಹೊಸ ಚೌಕಟ್ಟಿನಲ್ಲಿ ಕೂರಿಸಿ, ಎರಡು ಆಸನಗಳ ಚುರುಕಾದ ಸ್ಪೋರ್ಟ್ಸ್ ಕಾರನ್ನು ಕಟ್ಟಿಕೊಳ್ಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಭಾಗಗಳನ್ನು ಕೊಡುವ ಆ ಹಳೆಯ ಕಾರಿಗೆ ಅಲ್ಲಿ ‘ದಾನಿ ಕಾರು’ ಎಂದೇ ಹೆಸರು. ಈ ಉದ್ಯಮದ ಚರಿತ್ರೆ ಸ್ವಾರಸ್ಯವಾದುದು. ಅದರಲ್ಲಿ ಅಡಗಿರುವ ಪಾಠ ದುಡಿಯುವ ಕೈಗಳಿಗೆಲ್ಲ ಸಲ್ಲತಕ್ಕದ್ದು.

ಹೋಟೆಲಿನ ಹಿಂದಣ ಲಾಯ

ಈ ಚರಿತ್ರೆ ಒಂದು ಹೋಟೆಲಿನ ಹಿತ್ತಿಲನ್ನು ಹಾದು ಬಂದಿದೆಯೆಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ಸಂತೋಷವಾದೀತು. ೧೯೨೮ರಲ್ಲಿ ಜನಿಸಿದ ಕಾಲಿನ್ ಚಾಪ್ಮನ್ ಎಂಬ ತರುಣನ ತಂದೆ ಲಂಡನ್ನಿನ ಉತ್ತರ ಭಾಗದ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲನ್ನು ನಡೆಸುತ್ತಿದ್ದರು. ಮಗನು ಇಂಜಿನಿಯರಿಂಗ್ ವಿದ್ಯಾರ್ಥಿ. ೧೯೪೮ರಲ್ಲಿ ಅವನು ಒಂದು ಹಳೆಯ ‘ಆಸ್ಟಿನ್ ಸೆವೆನ್’ ಕಾರಿನ ಮೈಯನ್ನು ತೆಗೆದು, ಯಂತ್ರಭಾಗಗಳನ್ನು ಉಳಿಸಿಕೊಂಡು, ಅವುಗಳ ಮೇಲೆ ತನ್ನದೇ ಆದ ಹಗುರವಾದ ಕಾರನ್ನು ಕಟ್ಟಿದನು. ೧೯೫೨ರಲ್ಲಿ ‘ಲೋಟಸ್’ ಎಂಬ ಸಂಸ್ಥೆ ಹುಟ್ಟಿದಾಗ, ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯವೇ ಅದರ ಮೊದಲ ಕಾರ್ಖಾನೆಯಾಯಿತು. ಹಗಲು ಅಲ್ಯೂಮಿನಿಯಂ ಕಂಪೆನಿಯೊಂದರಲ್ಲಿ ನೌಕರಿ, ರಾತ್ರಿ ಲಾಯದಲ್ಲಿ ಕೆಲಸ — ಹೀಗೆ ಕೆಲವು ವರ್ಷ ಸಾಗಿತು. ಅದೇ ಲೋಟಸ್ ಮುಂದೆ ೧೯೬೩ರಿಂದ ೧೯೭೮ರವರೆಗಿನ ಅವಧಿಯಲ್ಲಿ ಫಾರ್ಮುಲಾ ಒನ್ ಪಂದ್ಯಗಳ ತಯಾರಕರ ಪ್ರಶಸ್ತಿಯನ್ನು ಏಳು ಸಲ ಗೆದ್ದುಕೊಂಡಿತು.

ತೆರಿಗೆಯ ತಿರುವು

೧೯೫೭ರಲ್ಲಿ ಚಾಪ್ಮನ್ ‘ಲೋಟಸ್ ಸೆವೆನ್’ ಎಂಬ ಕಾರನ್ನು ಹೊರತಂದನು. ಬಾಗಿಲಿಲ್ಲ, ಗಟ್ಟಿ ಚಾವಣಿಯಿಲ್ಲ, ಅನಾವಶ್ಯಕವಾದ ಒಂದು ಮೊಳೆಯೂ ಇಲ್ಲ. ಆಗ ಬ್ರಿಟನ್ನಿನಲ್ಲಿ ಪೂರ್ಣವಾಗಿ ಸಿದ್ಧಗೊಂಡ ಕಾರಿನ ಮೇಲೆ ಭಾರಿ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳಾಗಿ ಮಾರಿದರೆ ಆ ತೆರಿಗೆ ಇರಲಿಲ್ಲ. ಆದುದರಿಂದ ಪೆಟ್ಟಿಗೆಯಲ್ಲಿ ಭಾಗಗಳಾಗಿ ಕೊಂಡವನಿಗೆ ಕಾರು ಸುಮಾರು ಅರ್ಧ ಬೆಲೆಗೇ ದಕ್ಕುತ್ತಿತ್ತು. ಜೋಡಿಸುವ ಕ್ರಮವನ್ನು ಮುದ್ರಿಸಿ ಕೊಡಲು ಕಾನೂನು ಅಡ್ಡಬಂದಾಗ ಚಾಪ್ಮನ್ ಬಿಚ್ಚುವ ಕ್ರಮವನ್ನು ಮುದ್ರಿಸಿಕೊಟ್ಟನೆಂದೂ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಕಾರು ಕಟ್ಟಿದರೆಂದೂ ಒಂದು ಕತೆ ಇಂದಿಗೂ ಬಾಯಿಂದ ಬಾಯಿಗೆ ಹರಿದುಬರುತ್ತಿದೆ. ೧೯೭೩ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದೊಡನೆ ಈ ಅನುಕೂಲ ಮುಗಿಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್ಹ್ಯಾಮ್ ಎಂಬ ಸಂಸ್ಥೆಗೆ ಹೋಯಿತು; ಅದು ಇಂದಿಗೂ ಆ ಜಾತಿಯ ಕಾರನ್ನು ಮಾಡುತ್ತಿದೆ.

ತೆರಿಗೆಯ ಲಾಭ ಹೋದರೂ ಕಟ್ಟುವ ಹವ್ಯಾಸ ಹೋಗಲಿಲ್ಲ. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು ಕೇವಲ ೨೫೦ ಪೌಂಡುಗಳಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಯನ್ನು ಅಳತೆ, ನಕ್ಷೆಗಳ ಸಹಿತ ವಿವರಿಸುವ ಪುಸ್ತಕವನ್ನು ಪ್ರಕಟಿಸಿದರು. ರೂಪದಲ್ಲಿ ಸೆವೆನನ್ನು ಹೋಲುವ ಈ ಅಗ್ಗದ ಕಾರಿಗೆ ‘ಲೋಕಾಸ್ಟ್’ ಎಂಬ ಹೆಸರು ನಿಂತಿತು.

ದಾನಿ ಕೊಡುವುದೇನು?

ಲೋಕಾಸ್ಟಿಗೆ ಮೊದಲು ಆರಿಸಿದ ದಾನಿ ಫೋರ್ಡ್ ಎಸ್ಕಾರ್ಟ್, ಅದರಲ್ಲೂ ೧೯೮೦ಕ್ಕೆ ಮುಂಚಿನದು. ಅದಕ್ಕೆ ಕಾರಣವುಂಟು. ಆ ಕಾರಿನಲ್ಲಿ ಇಂಜಿನ್ ಮುಂದೆ, ಓಡಿಸುವ ಚಕ್ರಗಳು ಹಿಂದೆ. ಸೆವೆನ್ ಕಾರಿನ ವಿನ್ಯಾಸವೂ ಅದೇ. ದಾನಿಯಿಂದ ಇಂಜಿನ್, ಗಿಯರ್ ಬಾಕ್ಸು, ಹಿಂದಿನ ಆಕ್ಸಲು, ಬ್ರೇಕುಗಳು, ಸ್ಟಿಯರಿಂಗು ಮತ್ತು ವಿದ್ಯುತ್ ತಂತಿಗಳು ದೊರೆಯುತ್ತವೆ. ತುಕ್ಕು ತಿಂದ ಮೈ ಮಾತ್ರ ಗುಜರಿಗೆ ಹೋಗುತ್ತದೆ.

ಇಲ್ಲಿ ಕಾಲದ ವಿನೋದವನ್ನೂ ನೋಡಬೇಕು. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಆ ಎಸ್ಕಾರ್ಟುಗಳು ಕಡಿಮೆಯಾಗುತ್ತ ಬಂದಂತೆ ಸಂಗ್ರಾಹಕರ ಕಣ್ಣಿಗೆ ಬಿದ್ದು ದುಬಾರಿಯಾದವು. ಈಗ ಅವನ್ನು ಒಡೆದು ಭಾಗ ತೆಗೆಯುವವನನ್ನು ಜನ ಹುಚ್ಚನೆಂದಾರು. ಫೋರ್ಡ್ ಸಿಯೆರಾ, ಮಾಜ್ದಾ ಎಂ.ಎಕ್ಸ್.-೫ ಮುಂತಾದವು ಆ ಸ್ಥಾನಕ್ಕೆ ಬಂದಿವೆ. ೨೫೦ ಪೌಂಡಿನ ಲೆಕ್ಕವೂ ಹಳೆಯದಾಯಿತು.

ಚೌಕಟ್ಟಿನ ರಹಸ್ಯ

ಕಾರಿನ ಬೆನ್ನೆಲುಬು ಅದರ ಚೌಕಟ್ಟು. ಒಂದು ಅಂಗುಲ ಚೌಕದ, ಸುಮಾರು ೧.೬ ಮಿಲಿಮೀಟರ್ ದಪ್ಪದ ಗೋಡೆಯುಳ್ಳ ಉಕ್ಕಿನ ಕೊಳವೆಗಳಿಂದ ಇದನ್ನು ಕಟ್ಟುತ್ತಾರೆ. ಇದರ ಬಲವೆಲ್ಲ ತ್ರಿಕೋನದಲ್ಲಿದೆ. ನಾಲ್ಕು ಕಡ್ಡಿಗಳ ಚೌಕವನ್ನು ಮೂಲೆಯಲ್ಲಿ ಒತ್ತಿದರೆ ಅದು ಓರೆಯಾಗುತ್ತದೆ. ಅಡ್ಡಲಾಗಿ ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯನ್ನು ಕೊಟ್ಟರೆ ಅಲುಗುವುದಿಲ್ಲ. ಹೀಗೆ ತ್ರಿಕೋನಗಳ ಜಾಲವನ್ನು ಹೆಣೆಯುವುದರಿಂದ ಕಡಮೆ ತೂಕದಲ್ಲಿ ಹೆಚ್ಚು ಗಟ್ಟಿತನ ದೊರೆಯುತ್ತದೆ.

ಮೊದಲು ಸಮತಟ್ಟಾದ ದಪ್ಪ ಹಲಗೆಯ ಮೇಲೆ ನಕ್ಷೆಯನ್ನು ನಿಜ ಅಳತೆಯಲ್ಲಿ ಬರೆದು, ಕೊಳವೆಗಳನ್ನು ಕತ್ತರಿಸಿ ಅದರ ಮೇಲಿಡಬೇಕು. ಅಲ್ಲಲ್ಲಿ ಚುಕ್ಕೆಯಷ್ಟೇ ಬೆಸುಗೆ ಹಾಕಿ, ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಅಳೆದು, ಎರಡೂ ಅಳತೆ ಸಮನಾಗಿದ್ದರೆ ಮಾತ್ರ ಪೂರ್ಣ ಬೆಸುಗೆಗೆ ತೊಡಗಬೇಕು. ಒಂದೇ ಕಡೆ ಸತತವಾಗಿ ಬೆಸೆದರೆ ಕಾವಿಗೆ ಉಕ್ಕು ಸೆಳೆದುಕೊಂಡು ಚೌಕಟ್ಟು ತಿರುಚಿಕೊಳ್ಳುತ್ತದೆ. ಆದುದರಿಂದ ಎಡಕ್ಕೊಂದು ಬಲಕ್ಕೊಂದು ಎಂದು ಬದಲಾಯಿಸುತ್ತ ಸಾಗಬೇಕು.

ಅನಂತರ ದಾನಿಯ ಭಾಗಗಳ ಸರದಿ. ಹೊಸ ಕಾರು ಗಿಡ್ಡವಾದುದರಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ದಂಡವನ್ನು ಕತ್ತರಿಸಿ, ತಜ್ಞರಿಂದಲೇ ಬೆಸೆಯಿಸಿ, ಸಮತೋಲ ಮಾಡಿಸಬೇಕು. ಇಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿ ನೆಲಕ್ಕೆ ತಗಲದಂತೆ ಅದರ ಆಳವನ್ನು ಕುಗ್ಗಿಸಬೇಕು. ಕಾರು ಹಗುರವಾದುದರಿಂದ ಹಳೆಯ ಬಿರುಸು ಸ್ಪ್ರಿಂಗುಗಳು ಒಗ್ಗುವುದಿಲ್ಲ. ತಂತಿಗಳನ್ನು ಬಿಚ್ಚುವಾಗಲೇ ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟದಿದ್ದರೆ, ಜೋಡಿಸುವ ದಿನ ತಲೆ ಕೆಡುತ್ತದೆ. ಹಿಟ್ಟು ರುಬ್ಬುವ ಯಂತ್ರವನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸುವ ನಮ್ಮ ಹೋಟೆಲಿನ ಹುಡುಗರಿಗೂ, ಕಡತಗಳಿಗೆ ಪಟ್ಟಿ ಅಂಟಿಸುವ ಗುಮಾಸ್ತರಿಗೂ ಈ ಮಾತಿನ ಬೆಲೆ ತಿಳಿದಿದೆ. ಕೊನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಹೊದಿಸಿ, ಮೂತಿಗೂ ಚಕ್ರದ ಮೇಲಣ ರೆಕ್ಕೆಗಳಿಗೂ ಫೈಬರ್ ಗ್ಲಾಸಿನ ಭಾಗಗಳನ್ನು ಕೂರಿಸಿದರೆ ರೂಪ ಪೂರ್ಣವಾಯಿತು.

ಇಷ್ಟೆಲ್ಲ ಶ್ರಮದ ಫಲವೇನು? ೮೦ ಅಶ್ವಶಕ್ತಿಯ ಇಂಜಿನ್ ೯೦೦ ಕಿಲೋ ತೂಕದ ದಾನಿಯಲ್ಲಿತ್ತೆನ್ನೋಣ. ಒಂದೊಂದು ಕುದುರೆಯೂ ೧೧ ಕಿಲೋಗಿಂತ ಹೆಚ್ಚು ಭಾರ ಎಳೆಯಬೇಕಾಗಿತ್ತು. ಅದೇ ಇಂಜಿನ್ ೫೫೦ ಕಿಲೋ ತೂಕದ ಹೊಸ ಕಾರಿನಲ್ಲಿ ೭ ಕಿಲೋಗಿಂತಲೂ ಕಡಮೆ ಎಳೆದರೆ ಸಾಕು. ಇಂಜಿನ್ನಿಗೆ ಕೈ ಹಚ್ಚದೆಯೇ ಕಾರು ಚಿಗರೆಯಾಗುತ್ತದೆ.

ಪ್ರಾಣಕ್ಕೆ ಸಂಬಂಧಪಟ್ಟ ಮಾತು

ಈ ಹವ್ಯಾಸದಲ್ಲಿ ಅಲಕ್ಷ್ಯಕ್ಕೆ ಎಡೆಯಿಲ್ಲ. ಬರಿದಾದ ಪೆಟ್ರೋಲ್ ತೊಟ್ಟಿಯೊಳಗೂ ಆವಿ ಉಳಿದಿದ್ದು ಬೆಸುಗೆಯ ಒಂದು ಕಿಡಿಗೆ ಸಿಡಿಯಬಲ್ಲುದು. ಬರಿಯ ಜಾಕಿನ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಗ್ಗಬಾರದು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ನೋಡುವುದಕ್ಕೆ ಅಂದವಾದ ಬೆಸುಗೆಯೂ ಒಳಗೆ ಹಿಡಿಯದಿರಬಹುದು. ಅದು ಬಿಡುವುದು ಗ್ಯಾರೇಜಿನಲ್ಲಲ್ಲ, ತಿರುವಿನಲ್ಲಿ.

ಆದುದರಿಂದಲೇ ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ನೇರವಾಗಿ ರಸ್ತೆಗಿಳಿಯುವಂತಿಲ್ಲ. ೧೯೯೮ರಿಂದ ಅಂಥ ಒಂದೊಂದು ಕಾರಿಗೂ ಸರಕಾರಿ ಪರೀಕ್ಷೆ ಕಡ್ಡಾಯವಾಯಿತು. ೨೦೦೯ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಬ್ರೇಕು, ದೀಪ, ಆಸನದ ಪಟ್ಟಿ, ಶಬ್ದ, ಹೊಗೆ ಎಲ್ಲವನ್ನೂ ನೋಡುತ್ತಾರೆ. ಹೊರಚಾಚಿದ ಅಂಚುಗಳು ದಾರಿಹೋಕನ ಮೈ ಕೊಯ್ಯದಂತೆ ದುಂಡಗಿವೆಯೇ ಎಂಬುದನ್ನೂ ಅಳೆಯುತ್ತಾರೆ.

ನಮ್ಮ ದೇಶದ ಸ್ಥಿತಿ

ನಮ್ಮಲ್ಲಿ ದಾರಿ ಇನ್ನೂ ಇಕ್ಕಟ್ಟಾಗಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಯಾರಕನು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಹೊಸ ಮಾದರಿಯನ್ನು ಮಾಡಿ ಮಾರುವವರು ಪುಣೆಯ ಎ.ಆರ್.ಎ.ಐ.ಯಂತಹ ಅಧಿಕೃತ ಸಂಸ್ಥೆಯ ಪರೀಕ್ಷೆಯಲ್ಲಿ ಅದನ್ನು ತೇರ್ಗಡೆ ಮಾಡಿಸಬೇಕು. ಒಂದೇ ಒಂದು ಕಾರು ಕಟ್ಟುವ ಹವ್ಯಾಸಿಗೆ ಇದು ಎಟುಕುವ ಮಾತಲ್ಲ. ಹಳೆಯ ಕಾರನ್ನು ಬದಲಾಯಿಸಿ ರಸ್ತೆಗೆ ತಂದುಕೊಡುತ್ತೇವೆಂದು ಹೇಳಿ ಮುಂಗಡ ಕೇಳುವವರು ಎದುರಾದರೆ, ನಮ್ಮ ಓದುಗರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಕಿಸೆಗೆ ಕೈಹಾಕುವುದು ಲೇಸು.

ಹಾಗೆಂದು ಈ ವಿದ್ಯೆ ನಮಗೆ ಪರಕೀಯವಾಗಬೇಕಾಗಿಲ್ಲ. ಬಿಚ್ಚಿದ್ದನ್ನು ಕ್ರಮವಾಗಿ ಇಡುವುದು, ಅಳೆದ ಮೇಲೆಯೇ ಕತ್ತರಿಸುವುದು, ವೆಚ್ಚವನ್ನು ದಿನದಿನವೂ ಬರೆದಿಡುವುದು, ತನಗೆ ಬಾರದ ಕೆಲಸವನ್ನು ಬಲ್ಲವನಿಗೆ ಒಪ್ಪಿಸುವುದು — ಇವು ಕಾರಿಗಷ್ಟೇ ಸಂಬಂಧಿಸಿದ ಗುಣಗಳಲ್ಲ. ಅಲ್ಲಿಯೂ ಉತ್ಸಾಹದಿಂದ ಆರಂಭಿಸಿದ ಎಷ್ಟೋ ಕಾರುಗಳು ಅರ್ಧಕ್ಕೆ ನಿಂತು, ಧೂಳು ಹಿಡಿದು, ಕೊನೆಗೆ ಕೊಂಡ ಬೆಲೆಗಿಂತ ಕಡಮೆಗೆ ಮಾರಿಹೋಗುತ್ತವೆ. ಪೂರೈಸಿದವರು ಮಹಾ ಯಂತ್ರಜ್ಞರೇ ಆಗಿರಬೇಕೆಂದಿಲ್ಲ. ವಾರಕ್ಕೆ ಒಂದು ಸಂಜೆಯಾದರೂ ಸರಿ, ಬಿಡದೆ ಅದಕ್ಕಾಗಿ ಮೀಸಲಿಟ್ಟವರು ಅವರು. ಯಂತ್ರದ ಕೆಲಸದಲ್ಲಿ ಆಸೆಯುಳ್ಳ ನಮ್ಮ ತರುಣರು ಸಂಜೆಯ ತರಗತಿಗೆ ಸೇರಿ ಬೆಸುಗೆಯನ್ನೋ ವಿದ್ಯುತ್ ಕೆಲಸವನ್ನೋ ಕಲಿತರೆ, ಕಾರು ಕಟ್ಟಲಿ ಬಿಡಲಿ, ಕೈಗೊಂದು ಕಸುಬು ಸೇರುತ್ತದೆ. ಊರು ಬಿಟ್ಟು ಬಂದವನಿಗೆ ಅದಕ್ಕಿಂತ ಭದ್ರವಾದ ಆಸ್ತಿ ಇನ್ನಾವುದು?