ಪಾಯಾದಾಗಿನ ಮನಿ, ಸಕ್ಕರಿ ಡಬ್ಬಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಲೇಜಿನಲ್ಲಿ ಮಿನಿ ಪ್ರಾಜೆಕ್ಟ್ ತೋರಿಸಬೇಕು. ಭಾನುವಾರ ರಾತ್ರಿ ಹನ್ನೊಂದಾದರೂ ಅಗರಖೇಡದ ನಮ್ಮ ಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಅದೇ ಎರರ್ ತೋರಿಸುತ್ತ ಕೂತಿತ್ತು.

ಪ್ರಾಜೆಕ್ಟ್ ದೊಡ್ಡದೇನಲ್ಲ. ಅಪ್ಪ ಕಳಿಸಿದ ಲಿಂಬೆಹಣ್ಣಿನ ಚೀಲ, ಅಡತಿ ಅಂಗಡಿಯಿಂದ ಬಂದ ದುಡ್ಡು, ಉಳಿದ ಬಾಕಿ, ಇಷ್ಟನ್ನು ಪೈಥಾನ್‌ನಲ್ಲಿ ಬರೆದಿದ್ದೆ. ‘ರೈತ’ ಎಂಬ ಫೈಲಿನ ಮೊದಲ ಸಾಲು ‘ಲೆಕ್ಕ’ ಫೈಲಿನಿಂದ ಬಾಕಿ ತೆಗೆಯುವ ಫಂಕ್ಷನ್ ಕೇಳುತ್ತದೆ. ‘ಲೆಕ್ಕ’ದ ಮೊದಲ ಸಾಲು ‘ರೈತ’ದಿಂದ ಒಂದು ಕ್ಲಾಸ್ ಕೇಳುತ್ತದೆ. ಇದಕ್ಕೆ ಸರ್ಕ್ಯುಲರ್ ಇಂಪೋರ್ಟ್ ಅನ್ನುತ್ತಾರೆ.

ಒಂದನ್ನೊಂದು ಕರೆಯುತ್ತ ಇವೆರಡೂ ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬೇಕಿತ್ತಲ್ಲವೇ? ಎರರ್ ಕೊಟ್ಟು ನಿಂತದ್ದೇ ನನಗೆ ಸೋಜಿಗ.

ಪೈಥಾನ್ ಹತ್ತಿರ ಸಿಸ್ ಡಾಟ್ ಮಾಡ್ಯೂಲ್ಸ್ ಎಂಬ ರಿಜಿಸ್ಟರ್ ಇದೆ. ಒಂದು ಫೈಲನ್ನು ಇಂಪೋರ್ಟ್ ಮಾಡುವಾಗ, ಅದರ ಒಂದು ಸಾಲೂ ಓಡುವ ಮೊದಲೇ ಅದರ ಹೆಸರನ್ನು ಅಲ್ಲಿ ಬರೆದುಕೊಳ್ಳುತ್ತದೆ. ಎರಡನೇ ಸಲ ಅದೇ ಹೆಸರು ಬಂದರೆ ಫೈಲನ್ನು ಮತ್ತೆ ಓಡಿಸದೆ, ಇದ್ದದ್ದನ್ನೇ ಕೈಗೆ ಕೊಡುತ್ತದೆ. ‘ಲೆಕ್ಕ’ ಕೇಳಿದಾಗ ‘ರೈತ’ ಇನ್ನೂ ಮೊದಲ ಸಾಲಿನಲ್ಲೇ ನಿಂತಿತ್ತು. ಹೆಸರಿದೆ, ಒಳಗೆ ಕ್ಲಾಸ್ ಇಲ್ಲ!

ನೀರು ಕುಡಿಯಲು ಎದ್ದ ಅಪ್ಪ, ‘ಇನ್ನಾ ಮಲಗಿಲ್ಲೇನ ತಮ್ಮಾ?’ ಅಂದ. ಹೋದ ವರ್ಷ ನಮ್ಮ ಮನೆಗೆ ಪಾಯಾ ಹಾಕಿದ ದಿನವೇ ಎಲ್ಲರಿಗೂ ಹೊಸ ಮನೆಯ ಗುರುತು ಹೇಳಿದ್ದವನು ಅವನೇ. ಅದನ್ನೇ ನೆನಪಿಸಿ ವಿವರಿಸಿದೆ. ‘ಪಾಯಾದಾಗಿನ ಮನಿಗಿ ಹೋಗಿ ಸಕ್ಕರಿ ಡಬ್ಬಿ ಕೇಳಿದ್ರ ಯಾರ ಕೊಡ್ತಾರೋ?’ ಅಂದು ನಕ್ಕ.

ಅಷ್ಟೇ ವಿಷಯ. ಬರೀ ಮನೆಯ ಗುರುತು ಇಟ್ಟುಕೊಂಡು, ಮನೆ ಮುಗಿದ ಮೇಲೆ ಡಬ್ಬಿ ಕೇಳಿದರೆ ತಕರಾರಿಲ್ಲ. ಹಾಗಾಗಿ ಇಡೀ ಫೈಲನ್ನು ಇಂಪೋರ್ಟ್ ಮಾಡಿ, ಒಳಗಿನದನ್ನು ಆಮೇಲೆ ಬಳಸಿದರೆ ಎಷ್ಟೋ ಸಲ ನಡೆಯುತ್ತದೆ. ನೋಡ್ ಜೆಎಸ್‌ನ ಹಳೆಯ ರಿಕ್ವೈರ್ ಪದ್ಧತಿಯೂ ಅರ್ಧ ಕಟ್ಟಿದ ಮನೆಯನ್ನೇ ಕೊಡುತ್ತದೆ, ಆದರೆ ಅಲ್ಲೇ ಎರರ್ ಕೊಟ್ಟು ನಿಲ್ಲದೆ; ತಪ್ಪು ಇನ್ನೆಲ್ಲೋ ‘ಅನ್‌ಡಿಫೈನ್ಡ್’ ಎಂದು ಸಿಗುತ್ತದೆ. ಗೋ ಭಾಷೆಯಂತೂ ಇಂಥ ಸುತ್ತು ಕಂಡರೆ ಕಂಪೈಲ್ ಮಾಡುವುದೇ ಇಲ್ಲ. ನನಗೇನೋ ಆ ಬಿಗಿಯೇ ಇಷ್ಟ.

ರಾತ್ರಿ ಒಂದಕ್ಕೆ ‘ಲೆಕ್ಕ’ದ ಇಂಪೋರ್ಟ್ ಸಾಲನ್ನು ಫಂಕ್ಷನ್ ಒಳಗೆ ತಳ್ಳಿದೆ. ಫಂಕ್ಷನ್ ಓಡುವ ಹೊತ್ತಿಗೆ ‘ರೈತ’ ಪೂರ್ತಿಯಾಗಿರುತ್ತದೆ. ಎರರ್ ಹೋಯಿತು. ಬೆಳಿಗ್ಗೆ ವೈವಾದಲ್ಲಿ ಸರ್ ಅದೇ ಸಾಲಿನ ಮೇಲೆ ಬೆರಳಿಟ್ಟು, ‘ಇದು ತೇಪೆ. ಇಬ್ಬರಿಗೂ ಬೇಕಾದದ್ದನ್ನು ಮೂರನೇ ಫೈಲಿಗೆ ಹಾಕು’ ಅಂದರು. ಎರಡು ಮಾರ್ಕ್ಸ್ ಕಟ್. ವಾರದೊಳಗೆ ‘ಬಾಕಿ’ ಎಂಬ ಫೈಲ್ ಮಾಡಿ ಸುತ್ತು ಬಿಡಿಸಿದೆ.

ಫೋನಿನಲ್ಲಿ ಅಪ್ಪ, ‘ಬಾಕಿ ಬಂತೇನೋ?’ ಅಂದ. ಸ್ಕ್ರೀನ್ ಮೇಲೆ ಬಂದಿದೆ ಅಂದೆ. ಅಡತಿಯವರಿಂದ ಇನ್ನೂ ಬರಬೇಕು.